ದೇವೀರಮ್ಮ ಹತ್ತದ ಮೆಟ್ಟಿಲು

ಅದು ಐದು ಮಹಡಿಯ ಕಚೇರಿ. ಲಿಫ್ಟಿನ ಪಕ್ಕ ಒಂದು ಬೋರ್ಡು: "ಕಸ ಗುಡಿಸುವವರು ಮೆಟ್ಟಿಲು ಬಳಸಿ." ಯಾರೋ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದರು. ವಿಚಾರಣೆಗೆ ಆಯೋಗದ ಮೇಡಂ ಬರುವ ದಿನ ಬೆಳಿಗ್ಗೆಯೇ ಬೋರ್ಡು ಮಾಯವಾಯಿತು.

ಮ್ಯಾನೇಜರ್ ಪಾಲಾಕ್ಷಯ್ಯ ಕಸ ಗುಡಿಸುವ ದೇವೀರಮ್ಮನನ್ನು ಕರೆದ. "ಮೇಡಂ ಕೇಳಿದರೆ, ದಿನಾ ಲಿಫ್ಟಲ್ಲೇ ಹೋಗ್ತೀನಿ ಅನ್ನಬೇಕು. ಬೇರೆ ಏನಾದರೂ ಅಂದೆಯೋ, ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸಾಮಿ," ಅಂದಳು ದೇವೀರಮ್ಮ.

ಮೇಡಂ ಬಂದವರೇ ಲಿಫ್ಟಿನ ಮುಂದೆ ನಿಂತು ಕೇಳಿದರು. "ಏನಮ್ಮಾ, ನಿಮ್ಮನ್ನ ಇದರೊಳಗೆ ಬಿಡ್ತಾರಾ?"

"ದಿನಾ ಇದರಲ್ಲೇ ಹೋಗೋದು ಕಣ್ರಮ್ಮ. ಆ ನೂರಾ ಹನ್ನೆರಡು ಮೆಟ್ಟಿಲು ಯಾರು ಹತ್ತಾರು?"

ಪಾಲಾಕ್ಷಯ್ಯ ಹೌದು ಹೌದೆಂದು ತಲೆಯಾಡಿಸಿದ. ಆಡುತ್ತಿದ್ದ ತಲೆ ಅರ್ಧಕ್ಕೇ ನಿಂತಿತು.

"ಅದರಲ್ಲೂ ಮೂರನೇ ಮಹಡಿಗೆ ಹೋಗೋವಾಗ ಒಂಬತ್ತನೇ ಮೆಟ್ಟಿಲು ಒಡೆದೈತೆ. ಬಕೆಟ್ ಹಿಡಿದು ಕಾಲಿಟ್ಟರೆ ನೀರೆಲ್ಲ ಸೀರೆ ಮೇಲೆ. ಮಂಡಿ ಹಿಡಕೊಂಡರೆ ನಾಲ್ಕನೇ ತಿರುವಿನ ಕಿಟಕಿ ಹತ್ತಿರ ಕೂರಬೋದು, ಗಾಳಿ ಚೆನ್ನಾಗೈತೆ. ಅದೆಲ್ಲ ನಂಗ್ಯಾಕೆ? ನಾನು ಲಿಫ್ಟಲ್ಲಿ ಹೋಗೋಳು!"

ಮೇಡಂ ನಗು ನುಂಗಿಕೊಂಡು ಮ್ಯಾನೇಜರ್ ಕಡೆ ತಿರುಗಿದರು. "ಬನ್ನಿ, ಆ ಒಂಬತ್ತನೇ ಮೆಟ್ಟಿಲು ನೋಡೋಣ. ಹಾಗೇ ಐದನೇ ಮಹಡಿವರೆಗೂ ಹತ್ತೋಣ. ದೇವೀರಮ್ಮ, ನೀವು ದಿನಾ ಹೋಗೋ ಹಾಗೇ ಲಿಫ್ಟಲ್ಲಿ ಬನ್ನಿ."

ಪಾಲಾಕ್ಷಯ್ಯ ಏದುಸಿರು ಬಿಡುತ್ತಾ ಮೇಲೆ ತಲುಪುವ ಹೊತ್ತಿಗೆ ದೇವೀರಮ್ಮ ಒಂದು ಲೋಟ ನೀರು ಹಿಡಿದು ನಿಂತಿದ್ದಳು.

"ನೂರಾ ಹನ್ನೆರಡು ಸರಿಯಾಗಿತ್ತಾ ಸಾಮಿ? ನಾನಂತೂ ಯಾವತ್ತೂ ಹತ್ತಿ ನೋಡಿದವಳಲ್ಲ."