ಚಪ್ಪಡಿಕಲ್ಲಿಗೆ ಉಜ್ಜಿದ ಕಾಡುಬೆಳ್ಳುಳ್ಳಿ

ಒಂದು ಕಾಡಿನಲ್ಲಿ ಹೊಳೆಗೆ ಅಡ್ಡಲಾಗಿ ಒಂದೇ ಒಂದು ದಿಮ್ಮಿ ಬಿದ್ದಿತ್ತು. ದಾಟುವವರಿಗೆಲ್ಲ ಅದೇ ದಾರಿ. ಆಚೆ ದಡದ ಹಲಸಿನ ಮರಗಳನ್ನು ಕೊರೆಹುಳು ತಿಂದು ಹಾಳುಮಾಡಿತ್ತು; ಅಲ್ಲಿ ಉಳಿದದ್ದು ಹುಳು ಹಿಡಿದ ಹಣ್ಣಷ್ಟೇ. ಈಚೆ ದಡದಲ್ಲಿ ಹದಿನೆಂಟು ಮರ ಉಳಿದಿದ್ದವು. ಬೇಸಿಗೆಯಲ್ಲಿ ಇಡೀ ಕಾಡಿನ ಹೊಟ್ಟೆ ತುಂಬುತ್ತಿದ್ದದ್ದು ಅವುಗಳಿಂದಲೇ.

ಅದಕ್ಕೇ ಒಂದು ಕಟ್ಟಳೆ ಇತ್ತು. ಆಚೆಯಿಂದ ಬಂದವರು ದಿಮ್ಮಿಯ ತುದಿಯ ಚಪ್ಪಡಿಕಲ್ಲಿನ ಮೇಲೆ ಗಂಟು ಇಳಿಸಬೇಕು. ಮುದಿ ಕರಡಿ ದುರುಗವ್ವ ಅದನ್ನು ಮೂಸಬೇಕು. ಹುಳುವಿನ ವಾಸನೆ ಬಂದರೆ ಗಂಟು ಮಣ್ಣಿನೊಳಗೆ, ತಂದವನು ಕಲ್ಲುಗವಿಯೊಳಗೆ.

ಒಂದು ದಿನ ಆಚೆ ದಡದಿಂದ ಕರಿಮುಖದ ಕೋತಿ ಮುಸುವ ಗಂಟು ಹೊತ್ತು ಬಂದ. ದುರುಗವ್ವ ಕಲ್ಲಿನ ಹತ್ತಿರ ಮೂಗು ತಂದಳು. ಘಾಟು ನೆತ್ತಿಗೇರಿತು. ಕಣ್ಣಲ್ಲಿ ನೀರು, ಸೀನಿನ ಮೇಲೆ ಸೀನು.

"ಏನವ್ವಾ, ಮೂಗು ಕೈಕೊಟ್ಟಿತಾ?" ಪಕ್ಕದಲ್ಲಿ ಕೂತಿದ್ದ ನರಿ ಕುಪ್ಪಣ್ಣ ನಕ್ಕ. "ವಯಸ್ಸಾಯ್ತು. ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಾರದಾ?"

"ಬರೀ ಗೆಣಸು, ದುರುಗವ್ವ," ಅಂದ ಮುಸುವ.

ನಾಚಿಕೆಯಿಂದ ಅವಳು ಅವನನ್ನು ದಾಟಲು ಬಿಟ್ಟುಬಿಟ್ಟಳು. ಅದೇ ಅವಳು ಮಾಡಿದ ತಪ್ಪು.

ತಿಂಗಳೊಳಗೆ ಮೂರು ಮರ ಒಣಗಿದವು. ಕಾಂಡದ ತುಂಬ ತೂತು, ತೂತಿನಿಂದ ಉದುರುವ ಹುಡಿ. ದುರುಗವ್ವ ಮರಕ್ಕೆ ಹಣೆಯಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಅವಳ ಮೈಯೆಲ್ಲ ಸಿಟ್ಟಾಯಿತು.

ಮುಸುವ ಮತ್ತೆ ಬಂದ. ಕಲ್ಲು ಮತ್ತೆ ನಾರುತ್ತಿತ್ತು. ಕುಪ್ಪಣ್ಣ ಮತ್ತೆ ಹಲ್ಲು ಕಿರಿಯುತ್ತ ಕೂತಿದ್ದ. ಈ ಸಲ ದುರುಗವ್ವ ಗಂಟನ್ನು ಮೂಸಲಿಲ್ಲ. ಸರಕ್ಕನೆ ತಿರುಗಿ ನರಿಯ ಮುಂಗಾಲು ಹಿಡಿದು ಮೂಸಿದಳು.

"ಕಾಡುಬೆಳ್ಳುಳ್ಳಿ!"

ಮರುಗಳಿಗೆ ಗಂಟು ಸೀಳಿ ಹುಲ್ಲಿಗೆ ಚೆಲ್ಲಿದಳು. ಹಲಸಿನ ತೊಳೆಗಳಲ್ಲಿ ಹುಳುಗಳು ಮಿಜಿಮಿಜಿ ಅನ್ನುತ್ತಿದ್ದವು.

ಕಾಡೆಲ್ಲ ಸೇರಿತು. ಹಿರಿಯ ಆನೆ ನ್ಯಾಯಕ್ಕೆ ನಿಂತಿತು. ಮುಸುವ ತಲೆ ತಗ್ಗಿಸಿದ. ಕುಪ್ಪಣ್ಣ ತಗ್ಗಿಸಲಿಲ್ಲ.

"ಯಜಮಾನರೇ, ನಾನು ಒಂದು ತೊಳೆಯನ್ನೂ ಹೊತ್ತು ತಂದವನಲ್ಲ. ಕಲ್ಲಿಗೆ ಒಂದಿಷ್ಟು ಸೊಪ್ಪು ಉಜ್ಜಿದೆ, ಅಷ್ಟೇ. ಮುದುಕಿಯ ಜೊತೆ ತಮಾಷೆ!"

"ಅರ್ಧ ಪಾಲು ತಿಂದವನು ಇವನೇ!" ಎಂದು ಮುಸುವ ಕಿರುಚಿದ.

"ತಮಾಷೆನಾ?" ದುರುಗವ್ವ ಗುಡುಗಿದಳು. "ಗಂಟು ತಂದವನನ್ನು ನಾನು ಹಿಡಿಯುತ್ತಿದ್ದೆ ಕಣೋ! ಹಿಡಿಯದಂತೆ ಮಾಡಿದವನು ನೀನು. ಆ ಮೂರು ಮರ ಚಿಗುರಿಸಿ ತೋರಿಸು, ಆಮೇಲೆ ನಗು!"

ಕುಪ್ಪಣ್ಣ ಮುಂಗಾಲನ್ನು ಹುಲ್ಲಿಗೆ ಒರೆಸಿಕೊಳ್ಳತೊಡಗಿದ.

ಆನೆ ಹೇಳಿತು: "ಹುಳು ಹೊತ್ತು ತಂದವನಿಗೆ ಮಳೆಗಾಲದವರೆಗೆ ಗವಿ. ಕಾವಲಿಗೆ ಅಡ್ಡ ಬಂದವನಿಗೂ ಅಷ್ಟೇ. ಒಂದು ದಿನವೂ ಕಡಿಮೆಯಿಲ್ಲ."

ಇಬ್ಬರನ್ನೂ ಒಂದೇ ಗವಿಗೆ ತಳ್ಳಿದರು. ಬೆಳ್ಳುಳ್ಳಿ ನಾತಕ್ಕೆ ಮುಸುವ ಹಗಲೆಲ್ಲ ಕುಪ್ಪಣ್ಣನನ್ನು ಬೈಯುತ್ತಿದ್ದ.

ದುರುಗವ್ವ ಮರಳು ಹಾಕಿ ಕಲ್ಲನ್ನು ತಿಕ್ಕಿ ತೊಳೆದಳು. ಅಷ್ಟರಲ್ಲಿ ಅವಳ ಒಡಹುಟ್ಟಿದ ತಮ್ಮನೇ ಗಂಟು ಹೊತ್ತು ಬಂದ. "ಅಕ್ಕಾ, ನಾನೇ," ಎಂದು ನಗುತ್ತ ಮುಂದೆ ಹೋಗಲು ನೋಡಿದ.

"ಇಳಿಸು," ಅಂದಳು ದುರುಗವ್ವ.

ನೀತಿ: ಗಡಿ ಕಾಯುವವರ ಕೆಲಸಕ್ಕೆ ಅಡ್ಡಿ ಮಾಡಿದವನು ಕಳ್ಳಮಾಲು ಹೊತ್ತವನಷ್ಟೇ ತಪ್ಪಿತಸ್ಥ, ಶಿಕ್ಷೆ ಅವನನ್ನೂ ಬಿಡುವುದಿಲ್ಲ.