ಗುರ್ಮೀತ್ ಅಯ್ಯಂಗಾರನಿಗೆ ಸಿಕ್ಕ ಬೆಂಚು

ಒಂದು ಹೈಸ್ಕೂಲಿನಲ್ಲಿ ರುದ್ರಮುನಿ ಅಂತ ಒಬ್ಬ ಹೆಡ್‌ಮಾಸ್ಟರ್ ಇದ್ದರು. ಅವರಿಗೆ ಎರಡು ಸಂಸಾರ. ಗಾಬರಿಯಾಗಬೇಡಿ. ಒಂದು ಸ್ಕೂಲು, ಇನ್ನೊಂದು ಫೋನಿನೊಳಗಿನ ಬಾಸ್ಕೆಟ್‌ಬಾಲ್ ತಂಡ.

ನಾನು ಅದೇ ಸ್ಕೂಲಿನ ಮೇಷ್ಟ್ರು. ಈ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಾದರೆ ರಾಜನ ಕತೆ, ಗುರುವಿನ ಕತೆ, ಕತ್ತೆಯ ಕತೆ ಬಂದು ಬೀಳುತ್ತವೆ. ಎಲ್ಲಕ್ಕೂ ಕೈ ಮುಗಿಯುವ ಚಿತ್ರ ಒತ್ತಿ ಒತ್ತಿ ನನಗೆ ಸಾಕಾಗಿದೆ. ಅದಕ್ಕೇ ಇವತ್ತು ನಮ್ಮ ಸ್ಕೂಲಿನ ಕತೆಯನ್ನೇ ಹಾಕುತ್ತಿದ್ದೇನೆ. ಓದಿ ಫಾರ್ವರ್ಡ್ ಮಾಡಿದರೂ ಸರಿ, ಬಿಟ್ಟರೂ ಸರಿ.

ಸರ್ ಫೋನಿನ ಆ ಆಟ ಹೀಗೆ. ಅದರಲ್ಲಿ ನಾವು ಚೆಂಡು ಮುಟ್ಟುವ ಹಾಗಿಲ್ಲ. ಮ್ಯಾನೇಜರ್ ಆಗಿ ಕೂತು, ಯಾರು ಯಾವ ಜಾಗದಲ್ಲಿ ಆಡಬೇಕು, ಈ ವಾರ ಏನು ಕಲಿಯಬೇಕು ಅಂತ ಹೇಳಬೇಕು, ಅಷ್ಟೇ. ವಾರಕ್ಕೆ ಒಂದೇ ವಿದ್ಯೆ. ಅದೂ ಆ ವಿದ್ಯೆಗೆ ಸೇರಿದ ಜಾಗದಲ್ಲಿ ಇಡೀ ಮ್ಯಾಚು ನಿಂತವನಿಗೆ ಮಾತ್ರ ದಕ್ಕುತ್ತದೆ. ಬುಟ್ಟಿಯ ಕೆಳಗೆ ನಿಂತು ಚೆಂಡು ಹಿಡಿಯುವ ಎತ್ತರದ ಆಳಿಗೆ ಚೆಂಡು ದಾಟಿಸುವುದನ್ನು ಕಲಿಸಬೇಕೇ? ಅವನನ್ನು ತಂದು ಗಿಡ್ಡ ಆಟಗಾರನ ಜಾಗದಲ್ಲಿ ನಿಲ್ಲಿಸಬೇಕು. ಅವನು ತಡವರಿಸುತ್ತಾನೆ, ಚೆಂಡು ಕಳೆದುಕೊಳ್ಳುತ್ತಾನೆ, ಮ್ಯಾಚು ಸೋಲುತ್ತದೆ. ಸೋತರೂ ಅವನಿಗೆ ಚೂರು ವಿದ್ಯೆ ಹತ್ತುತ್ತದೆ. ಎಲ್ಲ ಜಾಗದಲ್ಲೂ ಆಡಬಲ್ಲ ಒಬ್ಬನನ್ನು ತಯಾರು ಮಾಡುವುದು ಅಂದರೆ ಹೀಗೆ ಸೋಲುತ್ತಾ ಕೂರುವುದು.

ರುದ್ರಮುನಿ ಸರ್ ಹಾಗೆ ತಯಾರು ಮಾಡಿದ ಆಟಗಾರನೇ ಗುರ್ಮೀತ್ ಅಯ್ಯಂಗಾರ್. ನಗಬೇಡಿ, ಹೆಸರನ್ನು ಕಂಪ್ಯೂಟರೇ ಇಡುತ್ತದೆ. ಅದಕ್ಕೆ ಪಂಜಾಬು ಯಾವುದು, ಮೇಲುಕೋಟೆ ಯಾವುದು ಅಂತ ಏನು ಗೊತ್ತು? ಈ ಗುರ್ಮೀತನಿಗಾಗಿ ಸರ್ ಒಂದು ಇಡೀ ಸೀಸನ್ ಸೋತರು. ತಂಡ ಕೆಳಗಿನ ದರ್ಜೆಗೆ ಬಿತ್ತು. ಆದರೂ ಅವರ ಮುಖ ಬಾಡಲಿಲ್ಲ.

"ಕಲೀತಾ ಇದ್ದಾನೆ ಕಣ್ರೀ. ಕಲಿಯೋವಾಗ ಸೋಲ್ದೆ ಇರ್ತಾರಾ?" ಅಂತ ನಮಗೇ ಸಮಾಧಾನ ಹೇಳುತ್ತಿದ್ದರು. ಎಂಥಾ ತಾಳ್ಮೆ ಅಂತೀರಿ! ಕಡೆಗೂ ಗುರ್ಮೀತ ಎಲ್ಲಿ ನಿಲ್ಲಿಸಿದರೂ ಆಡುವವನಾದ.

ಇನ್ನು ದಾಕ್ಷಾಯಣಿ ಮೇಡಂ. ನಮ್ಮ ಗಣಿತದ ಟೀಚರ್. ಇವರಿಗೂ ಎಲ್ಲ ಬರುತ್ತಿತ್ತು. ಪಾಪ, ಬರುತ್ತೆ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಪ್ರಾರ್ಥನೆಗೆ ಹಾರ್ಮೋನಿಯಂ ಅವರೇ. ಮೈಕು ಗೊರಗೊರ ಅಂದರೆ ಅವರೇ. ಇಂಗ್ಲಿಷ್ ಮೇಷ್ಟ್ರು ರಜೆ ಹಾಕಿದರೆ ಆ ಕ್ಲಾಸಿಗೂ ಅವರೇ. ಹಾಜರಾತಿಯನ್ನು ಕಂಪ್ಯೂಟರಿಗೆ ಏರಿಸುವುದು, ಬಿಸಿಯೂಟದ ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ನೋಡುವುದು, ಮೇಲಿನ ಸಾಹೇಬರು ಬಂದರೆ ಸ್ವಾಗತ ಭಾಷಣ, ಎಲ್ಲ ಅವರ ತಲೆಗೆ. ಸರ್ ಮೀಟಿಂಗಿಗೆ ಹೋದ ದಿನ ಆಫೀಸಿನ ಕಂಪ್ಯೂಟರಿನಲ್ಲಿ ಗುರ್ಮೀತನ ತಂಡವನ್ನು ಮ್ಯಾಚಿಗೆ ಇಳಿಸುವುದೂ ಅವರೇ! ಉಳಿದವರು ನಾವೇನು ಮಾಡುತ್ತಿದ್ದೆವು ಅಂತ ಕೇಳುತ್ತೀರಾ? "ಮೇಡಂ ಇದ್ದಾರಲ್ಲ" ಅನ್ನುತ್ತಿದ್ದೆವು.

ಜನವರಿ ಬಂತು. ಮಾರ್ಚ್‌ನಲ್ಲಿ ಹತ್ತನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ. ಬೇರೆ ಎಲ್ಲ ಪಾಠ ಮುಗಿಯುತ್ತಾ ಬಂದಿದ್ದವು, ಗಣಿತ ಮಾತ್ರ ಹಿಂದೆ ಬಿದ್ದಿತ್ತು. ಗಣಿತದ ಟೀಚರನ್ನು ಗಣಿತದ ಪೀರಿಯಡ್ಡಿಗೆ ಬಿಟ್ಟರೆ ತಾನೇ ಮುಗಿಯೋದು? ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಗಣಿತದಲ್ಲಿ ಡುಮ್ಕಿ ಹೊಡೆದಿತ್ತು. ಬಿಂದುಶ್ರೀ ಅಂತ ಒಬ್ಬ ಹುಡುಗಿ ದಿನಾ ಕಾರಿಡಾರಿನಲ್ಲಿ ಮೇಡಮ್ಮಿಗೆ ಅಡ್ಡ ನಿಲ್ಲುತ್ತಿದ್ದಳು.

"ಮಿಸ್, ತ್ರಿಕೋನಮಿತಿ ಯಾವಾಗ ಮಾಡ್ತೀರಾ?"

"ನಾಳೆ ಕಣೇ," ಅನ್ನುತ್ತಿದ್ದರು ಮೇಡಂ. ದಿನಾ ಅದನ್ನೇ ಹೇಳಿ ಹೇಳಿ ಅವರಿಗೇ ನಾಚಿಕೆಯಾಗಿತ್ತು.

ಒಂದು ಸಂಜೆ ಮೇಡಂ ಹೆಡ್‌ಮಾಸ್ಟರ್ ರೂಮಿಗೆ ಹೋದರು. ರಜೆ ಕೇಳೋಕೆ ನಾನೂ ಅಲ್ಲೇ ನಿಂತಿದ್ದೆ. ಮೇಡಂ ಕಣ್ಣು ಗುಳಿ ಬಿದ್ದಿತ್ತು.

"ಸರ್, ಪರೀಕ್ಷೆ ಮುಗಿಯೋವರೆಗೂ ನನ್ನನ್ನ ಹತ್ತನೇ ಕ್ಲಾಸಿನ ಗಣಿತಕ್ಕೆ ಬಿಟ್ಟುಬಿಡಿ. ಬೇರೆ ಏನೂ ಹೇಳ್ಬೇಡಿ. ಮಕ್ಕಳು ಫೇಲಾಗ್ತಾರೆ ಸರ್. ನನ್ನ ಕೈಲೂ ಆಗ್ತಾ ಇಲ್ಲ."

ಸರ್ ಕಣ್ಣು ಫೋನಿನ ಮೇಲಿತ್ತು. ಮುಖ ಸಣ್ಣಗಾಗಿತ್ತು.

"ಅಯ್ಯೋ, ನೋಡಿ ಮೇಡಂ ಇವನ ಗತಿ," ಅಂದರು. "ಎಲ್ಲ ಬರುತ್ತೆ ಅಂತ ಎಲ್ಲಾ ಮ್ಯಾಚಿಗೂ ಈ ಗುರ್ಮೀತನನ್ನೇ ಇಳಿಸಿದೆ. ಈಗ ದಮ್ಮೇ ಇಲ್ಲ ಇವನಿಗೆ. ಬುಟ್ಟಿ ಕೆಳಗೇ ನಿಂತಿದ್ರೂ ಚೆಂಡು ಹಿಡಿಯೋಕಾಗ್ತಿಲ್ಲ. ತಪ್ಪು ನಂದೇ. ಇನ್ನೊಬ್ಬರನ್ನ ತಯಾರು ಮಾಡ್ಲಿಲ್ಲ ನಾನು. ಇವತ್ತಿಂದ ಬೆಂಚಿನ ಮೇಲೆ ಕೂತ್ಕೊಳ್ಳಲಿ. ಚೆನ್ನಾಗಿ ಸುಧಾರಿಸ್ಕೊಳ್ಳಲಿ ಪಾಪ."

ಪಟ್ಟಂತ ಒತ್ತಿದರು. ಗುರ್ಮೀತ್ ಅಯ್ಯಂಗಾರನಿಗೆ ವಿಶ್ರಾಂತಿ ಸಿಕ್ಕಿತು. ಸರ್ ನಿಟ್ಟುಸಿರು ಬಿಟ್ಟು ತಲೆ ಎತ್ತಿದರು.

"ಹಾಂ, ಏನೋ ಹೇಳ್ತಿದ್ರಿ? ಅಂದಹಾಗೆ ಮೇಡಂ, ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಕಲಿಸೋಕೆ ಯಾರಿಗೂ ಬರಲ್ವಂತೆ. ನೀವೇ ಒಂಚೂರು ನೋಡ್ಕೊಂಡುಬಿಡಿ."

ಮೇಡಂ ಸರ್ ಮುಖ ನೋಡಿದರು. ಫೋನು ನೋಡಿದರು. ಹೊರಗೆ ಹೋಗುವಾಗ ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಅನ್ನಿಸಿತು. ಆದರೂ ನಾನು ರಜೆ ಕೇಳಿಕೊಂಡೇ ಬಂದೆ ಅನ್ನಿ.

ಹೆಡ್‌ಮಾಸ್ಟರ್ ರೂಮಿನ ಹೊರಗೆ ಒಂದು ಮರದ ಬೆಂಚಿದೆ, ತಂದೆತಾಯಿ ಬಂದರೆ ಕೂರಲಿ ಅಂತ. ನಾನು ರಜೆ ಮುಗಿಸಿ ಬಂದ ಬೆಳಿಗ್ಗೆ ಮೇಡಂ ಸರಿಯಾದ ಹೊತ್ತಿಗೆ ಬಂದರು, ಸಹಿ ಹಾಕಿದರು, ಆ ಬೆಂಚಿನ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

ಪ್ರಾರ್ಥನೆಯ ಗಂಟೆ ಹೊಡೆಯಿತು. ಹಾರ್ಮೋನಿಯಂ ಇಲ್ಲ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ರಾಗ ಎಳೆದರು. ಮೈಕು ಗೊರಗೊರ ಅಂದಿತು. ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಮೇಷ್ಟ್ರಿಲ್ಲದೆ ಗಲಾಟೆಯೋ ಗಲಾಟೆ. ಅಡುಗೆಯ ಸಾವಂತ್ರಮ್ಮ ಸೌಟು ಹಿಡಿದುಕೊಂಡೇ ಬಂದಳು. ಒಬ್ಬೊಬ್ಬರಾಗಿ ಎಲ್ಲರೂ ಬೆಂಚಿನ ಮುಂದೆ ಬಂದು ನಿಂತೆವು. ಎಲ್ಲರಿಗೂ ಮೇಡಂ ಒಂದೇ ಮಾತು ಹೇಳಿದರು.

"ಇವತ್ತು ನನಗೆ ಬೆಂಚು."

ಸರ್ ಓಡಿ ಬಂದರು. "ಏನ್ ಮೇಡಂ ಇದು? ಹುಷಾರಿಲ್ವಾ?"

"ದಮ್ಮಿಲ್ಲ ಸರ್. ಗುರ್ಮೀತನಿಗೆ ಸಿಕ್ಕಿದ್ದು ನನಗೂ ಬೇಕು."

"ಅದು ಬರೀ ಆಟ ಮೇಡಂ! ಅವನೇನು ನಿಜವಾದ ಮನುಷ್ಯನಾ?"

"ಅಲ್ಲ ಸರ್. ಮನುಷ್ಯ ಅಲ್ಲದವನಿಗೇ ಅಷ್ಟು ಮರುಗಿದ್ರಿ. ಅವನು ಕಲೀಲಿ ಅಂತ ಒಂದು ಸೀಸನ್ ಸೋತ್ರಿ. ಇಲ್ಲಿ ಒಂದು ದಿನ ಪ್ರಾರ್ಥನೆ ಕೆಟ್ಟರೆ ನಿಮಗೆ ತಡೆಯಲ್ಲ, ನನ್ನನ್ನೇ ಕೂಗ್ತೀರಿ. ಮತ್ತೆ ಬೇರೆಯವರು ಯಾವಾಗ ಕಲೀಬೇಕು ಸರ್?" ಮೇಡಂ ಧ್ವನಿ ಒಡೆಯಿತು. "ನನ್ನನ್ನ ಎಬ್ಬಿಸೋದಾದ್ರೆ ಒಂದೇ ಜಾಗಕ್ಕೆ ಎಬ್ಬಿಸಿ. ಯಾವ ಜಾಗ, ನೀವೇ ಹೇಳಿ."

ಸರ್ ಬಾಯಿ ತೆರೆದರು. ಡ್ಯಾನ್ಸ್ ಅಂತಲೇ ಹೇಳುತ್ತಿದ್ದರೋ ಏನೋ. ಅಷ್ಟರಲ್ಲಿ ಎದುರಿನ ಕಿಟಕಿ ಕಾಣಿಸಿತು. ಹತ್ತನೇ ಕ್ಲಾಸಿನ ಮಕ್ಕಳು ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಬಿಂದುಶ್ರೀ ಎಲ್ಲರಿಗಿಂತ ಮುಂದೆ, ಗಣಿತದ ಪುಸ್ತಕ ಎದೆಗೆ ಅವುಚಿಕೊಂಡಿದ್ದಳು.

"ಹತ್ತನೇ ಕ್ಲಾಸು," ಅಂದರು ಸರ್ ಮೆಲ್ಲಗೆ. "ಗಣಿತ."

ಮೇಡಂ ಎದ್ದರು. ಸೀಮೆಸುಣ್ಣ ತೆಗೆದುಕೊಂಡು ಹೋಗಿ ಕ್ಲಾಸಿನ ಬಾಗಿಲು ಹಾಕಿಕೊಂಡರು.

ಅಲ್ಲಿಂದ ನಮ್ಮ ಸೋಲಿನ ಸೀಸನ್ ಶುರುವಾಯಿತು. ವಿಜ್ಞಾನದ ಮೇಷ್ಟ್ರು ಹಾರ್ಮೋನಿಯಂ ಹಿಡಿದರು, ಪ್ರಾರ್ಥನೆ ಬೆಕ್ಕುಗಳ ಜಗಳದ ಹಾಗೆ ಕೇಳಿಸಿತು. ಪಿ.ಟಿ. ಮೇಷ್ಟ್ರು ಸ್ವಾಗತ ಭಾಷಣ ಮಾಡಿ, ಬಂದ ಸಾಹೇಬರನ್ನು ಹಿಂದಿನ ಸಾಹೇಬರ ಹೆಸರಿನಿಂದ ಹೊಗಳಿದರು. ಹಾಜರಾತಿ ನನ್ನ ಪಾಲಿಗೆ ಬಂತು. ನಾನು ಇಡೀ ಒಂಬತ್ತನೇ ಕ್ಲಾಸನ್ನೇ ಗೈರು ಮಾಡಿದೆ. ಸರ್ ಹಲ್ಲು ಕಚ್ಚಿಕೊಂಡರು. ಆಮೇಲೆ, ಫೋನು ನೋಡಿ ಹೇಳುತ್ತಿದ್ದರಲ್ಲ, ಆ ಮಾತನ್ನೇ ನಮಗೂ ಹೇಳಿದರು: "ಕಲೀತಾ ಇದ್ದೀರಿ. ಇರಲಿ ಬಿಡಿ."

ಪರೀಕ್ಷೆಯ ಫಲಿತಾಂಶ ಬಂತು. ಎಲ್ಲರೂ ಪಾಸಾದರು ಅಂತ ಹೇಳೋಕೆ ನನಗೂ ಆಸೆ. ಆದರೆ ಕಳೆದುಹೋದ ಪೀರಿಯಡ್ಡುಗಳು ವಾಪಸು ಬರುತ್ತವೆಯೇ? ಬಹಳಷ್ಟು ಮಕ್ಕಳು ದಾಟಿಕೊಂಡರು. ಬಿಂದುಶ್ರೀ ಗಣಿತದಲ್ಲಿ ಸ್ವಲ್ಪದರಲ್ಲಿ ಫೇಲಾದಳು. ಕ್ಲಾಸಿನ ಬಾಗಿಲ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಸರ್ ಅದನ್ನು ನೋಡಿದರು.

ಮರುಪರೀಕ್ಷೆಗೆ ಮೇಡಂ ಅವಳನ್ನು ಕೂರಿಸಿಕೊಂಡು ಮತ್ತೆ ಮೊದಲಿನಿಂದ ಹೇಳಿಕೊಡತೊಡಗಿದರು. ಒಂದು ದಿನ ಯಾರೋ ದೊಡ್ಡವರು ತಟ್ಟನೆ ಸ್ಕೂಲಿಗೆ ಬಂದರು. ಮೈಕು ಎಂದಿನಂತೆ ಗೊರಗೊರ ಅಂದಿತು. ನಾನು ಅಭ್ಯಾಸಬಲದಿಂದ ಮೇಡಮ್ಮನ್ನು ಕರೆಯಲು ಓಡಿದೆ. ಮೇಡಂ ಪಾಠ ಹೇಳುತ್ತಿದ್ದ ಕ್ಲಾಸಿನ ಬಾಗಿಲಿಗೆ ಅಡ್ಡವಾಗಿ ರುದ್ರಮುನಿ ಸರ್ ನಿಂತಿದ್ದರು.

"ಮೇಡಂನ ಕರೀಬೇಡಿ," ಅಂದರು. "ಮೈಕು ಕೆಟ್ಟರೆ ಕೆಡಲಿ. ನಾನು ಗಟ್ಟಿಯಾಗಿ ಮಾತಾಡ್ತೀನಿ."

ನೀತಿ: ಎಲ್ಲ ಬಲ್ಲವರು ಒಬ್ಬರು ಸಿಕ್ಕರೆ ಎಲ್ಲ ಕೆಲಸವನ್ನೂ ಅವರ ಮೇಲೆ ಹೇರಬೇಡಿ. ಬಾರದವರನ್ನೂ ನಿಲ್ಲಿಸಿ, ಅವರು ಕೆಡಿಸಿದಾಗ ತಾಳಿಕೊಳ್ಳಿ, ಅವರಿಗೂ ಬರುತ್ತದೆ. ಆಟದ ಗೊಂಬೆಗೆ ತೋರಿಸುವಷ್ಟು ಕನಿಕರವನ್ನು ಪಕ್ಕದಲ್ಲಿ ದುಡಿಯುವ ಮನುಷ್ಯರಿಗೂ ತೋರಿಸಿ, ಅವರು ಬೆಂಚಿನ ಮೇಲೆ ಕೂರುವುದಕ್ಕೆ ಮೊದಲೇ.