ಬಾಗಿಲ ಮುಂದಿನ ಕಕ್ಕೆ

"ಗುರುಗಳೇ, ಮೂರು ವರ್ಷ ಉಂಡು ಒಂದಕ್ಷರ ಕಲಿಯದವನನ್ನು ಮಠದಲ್ಲಿ ಇಟ್ಟುಕೊಳ್ಳುವುದು ಯಾವ ನ್ಯಾಯ?" ಎಂದು ಮಡಿವಾಳಯ್ಯ ಕೇಳಿದ.

ಕೇಳಿದ ಅನ್ನುವುದಕ್ಕಿಂತ ರೇಗಿದ ಎನ್ನಬೇಕು. ಶಿಷ್ಯರಲ್ಲಿ ಅವನೇ ಹಿರಿಯ. ಅವನ ಸಿಟ್ಟು ಪಕ್ಕದ ಗುಡ್ಡದಿಂದ ಬಂದ ಒಬ್ಬ ಮನುಷ್ಯನ ಮೇಲೆ. ಆ ಮನುಷ್ಯ ಕುರಿ ಕಾಯುವುದನ್ನು ಬಿಟ್ಟು ಮಠ ಸೇರಿದ್ದ. ಪಾಠಕ್ಕೆ ಕೂತರೆ ಬಾಯಿ ಬಿಡುತ್ತಿರಲಿಲ್ಲ.

"ಕಾಶಿಯಲ್ಲಿ ಓದಿ ಬಂದವನೊಬ್ಬ ಜಗಲಿಯ ಮೇಲೆ ಕಾದು ಕೂತಿದ್ದಾನೆ. ಇವನ ಕಂಬಳಿ ಇವತ್ತೇ ಹೊರಗೆ ಎಸೆದು ಅವನಿಗೆ ಜಾಗ ಕೊಡಲೇ?"

ಗುರುಗಳು "ಕೂತುಕೋ" ಎಂದರು. ಮಡಿವಾಳಯ್ಯ ಕೂರಲಿಲ್ಲ. ಅವನು ನಿಂತಿದ್ದಂತೆಯೇ ಅವರು ಕತೆ ಶುರು ಮಾಡಿದರು.

ಬಯಲುಸೀಮೆಯ ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಕಲ್ಲಿನ ಮನೆ. ಮುಂದೆ ಅಗಲವಾದ ಅಂಗಳ. ಅಂಗಳದಲ್ಲಿ ಹುಲ್ಲುಕಡ್ಡಿಯೂ ಇರಲಿಲ್ಲ. ಅವನಿಗೆ ಒಬ್ಬಳೇ ಮಗಳು, ಆಗ ಹತ್ತು ವರ್ಷದವಳು. "ಅಪ್ಪಾ, ಬಾಗಿಲ ಮುಂದೆ ಹೂವಿನ ಮರ ಬೇಕು. ನನ್ನ ಮದುವೆ ಅದರ ಕೆಳಗೇ ಆಗಬೇಕು" ಎಂದಳು. ಅಪ್ಪ ಮಾತು ಕೊಟ್ಟ. ತೋಟಗಾರನನ್ನು ಕರೆಸಿದ.

"ಹಡಗಿನಲ್ಲಿ ಬಂದಿಳಿಯುವ ಗಿಡಗಳಿವೆಯಂತೆ. ಅಂಗೈ ಅಗಲದ ಕೆಂಪು ಹೂವಂತೆ. ಅಂಥದ್ದು ತಾ."

ತೋಟಗಾರ ಅಂಗಳದ ಮಣ್ಣನ್ನು ಹಿಡಿ ತುಂಬ ಎತ್ತಿ ಹಿಸುಕಿದ. ಅದು ಮುದ್ದೆಯಾಗಲಿಲ್ಲ, ಬೆರಳ ಸಂದಿಯಿಂದ ಉದುರಿಹೋಯಿತು. ಬಾವಿಗೆ ಇಣುಕಿದ. ಆಮೇಲೆ ಊರ ಹೊರಗೆ ಹೋಗಿ ದಿನವೆಲ್ಲ ಹೊಲದ ಬದುಗಳ ಮೇಲೆ ತಿರುಗಿದ. ಆ ಕಡೆಯ ತೋಟಗಾರರ ಪದ್ಧತಿಯೇ ಅದು. ಯಾರೂ ನೀರು ಹಾಕದ ಕಡೆ ಯಾವುದು ತಾನಾಗಿ ಎದ್ದು ನಿಂತಿದೆ ಎಂದು ನೋಡದೆ ಅವರು ಗುಂಡಿ ತೋಡುವುದಿಲ್ಲ.

ಸಂಜೆ ಬಂದು ಹೇಳಿದ: "ಬಾಗಿಲಿಗೆ ಕಕ್ಕೆ. ಗೋಡೆಯುದ್ದಕ್ಕೂ ತಂಗಡಿ ಪೊದೆ."

"ಥೂ! ಬದುವಿನ ಮೇಲೆ ಆಡು ಬೆನ್ನು ತುರಿಸಿಕೊಳ್ಳುವ ಮರವನ್ನು ತಂದು ನನ್ನ ಬಾಗಿಲಿಗೆ ನೆಡುತ್ತೀಯಾ?"

"ಹಡಗಿನದೇ ಬೇಕಿದ್ದರೆ ಹಡಗಿನವನನ್ನೇ ಕರೆಸಿ, ಧಣಿ. ಈ ಮಣ್ಣಿನಲ್ಲಿ ಬದುಕಿ ತೋರಿಸಿದ್ದನ್ನು ಮಾತ್ರ ನಾನು ನೆಡುವವನು. ನಿಮ್ಮ ಮಗಳ ಮದುವೆಯ ಹೊತ್ತಿಗೆ ಇದು ಕೊಂಬೆ ಕಾಣದಂತೆ ಹಳದಿ ಹೂ ಬಿಡುತ್ತದೆ. ಬಿಡದಿದ್ದರೆ ನಾನು ಈ ಊರಲ್ಲಿ ಗುದ್ದಲಿ ಮುಟ್ಟುವುದಿಲ್ಲ."

ಹಳದಿ ಎಂದದ್ದೇ ತಡ, ಮಗಳು ಚಪ್ಪಾಳೆ ತಟ್ಟಿದಳು. ವ್ಯಾಪಾರಿ ಗೊಣಗುತ್ತಲೇ ಒಪ್ಪಿದ.

ತಂಗಡಿ ಎರಡೇ ವರ್ಷಕ್ಕೆ ಗೋಡೆ ಮುಚ್ಚಿ ಹೂ ಬಿಟ್ಟಿತು. ಕಕ್ಕೆ ನಿಧಾನವಾಗಿ ಏರಿತು; ಅದು ಹೂವಿಗೆ ಬರಲು ಇನ್ನೂ ವರ್ಷಗಳು ಬೇಕಿದ್ದವು. ವ್ಯಾಪಾರಿ ಬೇಸಿಗೆಯ ತಿಂಗಳುಗಳಲ್ಲಿ ಎತ್ತುಗಳ ಮೇಲೆ ಸರಕು ಹೇರಿಕೊಂಡು ದೂರದ ಸಂತೆಗಳಿಗೆ ಹೋಗಿರುತ್ತಿದ್ದ. ಮಳೆ ಬಿದ್ದ ಮೇಲೆ ಮನೆಗೆ ಬರುತ್ತಿದ್ದ. ಬಂದಾಗಲೆಲ್ಲ ಮರ ಹಸಿರಾಗಿರುತ್ತಿತ್ತು. ಬರಿಗೊಂಬೆಯಾಗಿ ಅದನ್ನು ಅವನು ಒಂದು ಸಲವೂ ನೋಡಿರಲಿಲ್ಲ.

ಎಂಟು ವರ್ಷ ಕಳೆಯಿತು. ಮಗಳಿಗೆ ಗಂಡು ಗೊತ್ತಾಯಿತು. ವೈಶಾಖದಲ್ಲಿ ಲಗ್ನ. ಆ ಬೇಸಿಗೆ ವ್ಯಾಪಾರಿ ಸಂತೆ ಬಿಟ್ಟು ಮನೆಯಲ್ಲೇ ಉಳಿದ. ಅವನ ಕಣ್ಣೆದುರೇ ಕಕ್ಕೆ ಎಲೆ ಉದುರಿಸತೊಡಗಿತು. ಲಗ್ನಕ್ಕೆ ಎಂಟು ದಿನ ಇದೆ ಎನ್ನುವಾಗ ಒಂದೆಲೆಯೂ ಉಳಿಯಲಿಲ್ಲ. ಹೂವಿನ ಸುಳಿವೂ ಇಲ್ಲ.

ಅದೇ ದಿನ ಗಂಡಿನ ಸೋದರಮಾವ ಚಪ್ಪರದ ಜಾಗ ನೋಡಲು ಬಂದ. ಬಾಯಿ ಜೋರಿನ ಮನುಷ್ಯ. ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಏನು ಬೀಗರೇ, ಮದುವೆಗೆ ಕರೆದಿರೋ ಮಸಣಕ್ಕೆ ಕರೆದಿರೋ? ಸೌದೆ ನಿಲ್ಲಿಸಿಯೇ ಇಟ್ಟಿದ್ದೀರಿ!" ಎಂದು ಹೊಟ್ಟೆ ಕುಣಿಸಿ ನಕ್ಕ.

ವ್ಯಾಪಾರಿಯೂ ನಕ್ಕು ಅವನನ್ನು ಬೀಳ್ಕೊಟ್ಟ. ಬಂಡಿ ಮರೆಯಾಗುವ ತನಕ ನಗು ಹಿಡಿದುಕೊಂಡಿದ್ದ. ಆಮೇಲೆ ಹಲ್ಲು ಕಡಿಯುತ್ತ ತೋಟಗಾರನಿಗೆ ಹೇಳಿ ಕಳಿಸಿದ.

"ಎಂಟು ವರ್ಷ ನನ್ನ ಅನ್ನ ತಿಂದು ನನ್ನ ಬಾಗಿಲಲ್ಲಿ ಹೆಣ ನೆಟ್ಟೆಯಲ್ಲೋ, ದ್ರೋಹಿ!"

ತೋಟಗಾರ ಉಗುರಿನಿಂದ ತೊಗಟೆ ಕೆರೆದ. ಒಳಗೆ ಹಸಿರು ಕಂಡಿತು. "ಇದು ಹೂವಿಗೆ ಮೊದಲು ಎಲೆ ಕಳಚುವ ಮರ. ಎಂಟು ದಿನ ತಡೆಯಿರಿ, ಧಣಿ."

"ಎಂಟು ದಿನಕ್ಕೆ ನನ್ನ ಮಗಳ ಮದುವೆ ಕಣೋ!"

"ಅದಕ್ಕೇ ತಡೆಯಿರಿ ಅಂದದ್ದು."

ವ್ಯಾಪಾರಿ ಆ ಹಸಿರನ್ನು ನೋಡಲಿಲ್ಲ. ಅವನ ಕಿವಿ ತುಂಬ ಬೀಗನ ನಗುವೇ ಇತ್ತು. ಚಪ್ಪರ ಹಾಕಲು ಬಂದಿದ್ದ ಆಳಿನ ಕೈಯಿಂದ ಕೊಡಲಿ ಕಿತ್ತುಕೊಂಡು ತಾನೇ ಬುಡಕ್ಕೆ ಹಾಕಿದ. ಮಗಳು ಒಳಗಿನಿಂದ ಓಡಿ ಬಂದು, "ಬೇಡಪ್ಪಾ, ಬೇಡ, ಪ್ರತಿ ಬೇಸಿಗೆ ಇದು ಹೀಗೇ ಎಲೆ ಉದುರಿಸುತ್ತದೆ" ಎಂದಳು. ಆ ಮಾತು ಏಟಿನ ಸದ್ದಿನಲ್ಲಿ ಮುಳುಗಿತು. ಮರ ಉರುಳಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಗೋಡೆಯ ತಂಗಡಿಯನ್ನೂ ಬುಡಸಮೇತ ಕಡಿಸಿ ಅದರ ಮೇಲೆ ರಾಶಿ ಹಾಕಿಸಿದ. ಮದುವೆಗೆಂದು ಹೇಳಿದ್ದ ಸೌದೆ ಗಾಡಿ ಬಂದರೆ ಅದನ್ನು ಬಾಗಿಲಿನಿಂದಲೇ ಹಿಂದಕ್ಕಟ್ಟಿದ.

"ಬೀಗರು ಇದನ್ನೇ ಸೌದೆ ಅಂದರಲ್ಲ, ಸೌದೆಯೇ ಆಗಲಿ. ಒಣಗಿ ಸತ್ತದ್ದು, ಚೆನ್ನಾಗಿ ಉರಿಯುತ್ತದೆ. ಮದುವೆಯ ಅಡುಗೆ ಇದರಲ್ಲೇ ಆಗಬೇಕು."

ತೋಟಗಾರ ತನ್ನ ಗುದ್ದಲಿಯನ್ನು ಹೆಗಲಿಗೇರಿಸಿದ. "ಒಲೆಯೇ ನಿಮಗೆ ಉತ್ತರ ಹೇಳಲಿ" ಎಂದವನು ತಿರುಗಿ ನೋಡದೆ ನಡೆದುಬಿಟ್ಟ.

ಲಗ್ನದ ದಿನ ಬೆಳಗಾಯಿತು. ಅಡುಗೆಯವರು ಒಲೆಗೆ ಬೆಂಕಿ ಹಾಕಿದರು. ಹತ್ತಲಿಲ್ಲ. ಊದಿದರು, ಎಣ್ಣೆ ಸುರಿದರು. ಕೊರಡಿನ ತುದಿಯಲ್ಲಿ ನೊರೆ ಉಕ್ಕಿ ಚುಂಯ್ ಎಂದಿತು. ಉರಿ ಏಳಲಿಲ್ಲ, ಹೊಗೆ ಎದ್ದಿತು. ಎದ್ದ ಹೊಗೆ ಚಪ್ಪರವನ್ನೆಲ್ಲ ತುಂಬಿತು. ಕೊಪ್ಪರಿಗೆಯಲ್ಲಿ ಅನ್ನ ಅರೆಬೆಂದು ನಿಂತಿತು. ಹಿರಿಯ ಅಡುಗೆಯವನು ಸೌಟು ಬಿಸಾಕಿ ಹೊರಗೆ ಬಂದ. ಎಲ್ಲರೆದುರು ಕೂಗಿದ: "ಯಾರು ಸ್ವಾಮಿ ಇದನ್ನು ಸತ್ತ ಮರ ಅಂದವರು? ಸತ್ತದ್ದಾಗಿದ್ದರೆ ಉರಿಯುತ್ತಿತ್ತು. ಇದು ಜೀವ ಇದ್ದದ್ದು! ಕೊಂಬೆ ಗಂಟಿನಲ್ಲಿ ಮೊಗ್ಗು ಕೂತಿದೆ, ಕಣ್ಣಿದ್ದವರು ಬಂದು ನೋಡಿ!"

ಅಷ್ಟರಲ್ಲಿ ದಿಬ್ಬಣ ಬಂದಿಳಿಯಿತು. ಸೋದರಮಾವ ಹೊಗೆಯಲ್ಲಿ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ವ್ಯಾಪಾರಿಯ ತೋಳು ಹಿಡಿದ.

"ಬೀಗರೇ, ಏನು ಸೀಮೆಯಯ್ಯಾ ನಿಮ್ಮದು! ದಾರಿಯುದ್ದಕ್ಕೂ ಬದುಗಳ ಮೇಲೆ ಹಳದಿ ಹೂವಿನ ಮರಗಳು, ಬಂಗಾರದ ಗೊಂಚಲು ಬಿಟ್ಟ ಹಾಗೆ. ಅಂಥದ್ದೊಂದನ್ನು ಬಾಗಿಲಿಗೆ ನೆಡಿ ಅಂತ ನಿಮಗೆ ಯಾರೂ ಹೇಳಲಿಲ್ಲವೇ?"



ಬುಡದ ಮೋಟಿನ ಮೇಲೆ ಜಮಖಾನೆ ಹಾಸಿ ಮುಚ್ಚಿದ್ದರು. ಅದರ ಪಕ್ಕದಲ್ಲೇ ಧಾರೆ ಆಯಿತು. ಮಗಳು ಮುಹೂರ್ತ ಮುಗಿಯುವ ತನಕ ಕಣ್ಣೊರೆಸಿಕೊಂಡಳು. ಹೊಗೆಗೆ ಹಾಗಾಗಿದೆ ಎಂದು ಬಂದವರೆಲ್ಲ ತಿಳಿದರು. ಹಾಗೆ ತಿಳಿಯದವನು ಅಪ್ಪ ಒಬ್ಬನೇ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ಇನ್ನೂ ನಿಂತೇ ಇದ್ದ. ಅವನ ಮುಖದ ಗಂಟು ಬಿಚ್ಚಿರಲಿಲ್ಲ.

"ಆ ವ್ಯಾಪಾರಿ ಮೂರ್ಖ, ಒಪ್ಪಿದೆ. ನಾನೇನು ಕೊಡಲಿ ಹಿಡಿದು ಬಂದಿಲ್ಲವಲ್ಲ? ಈ ಕುರಿಯವನನ್ನು ಏನು ಮಾಡಲಿ, ಅದನ್ನು ಹೇಳಿ."

ಗುರುಗಳು ಅವನ ಮುಖವನ್ನೇ ನೋಡಿದರು.

"ಮಡಿವಾಳಯ್ಯ, ನಮ್ಮ ಮಠದಲ್ಲಿ ಹಸಿ ಮರ ಕಡಿಯುವಷ್ಟು ಸೌದೆಗೆ ಬರ ಬಂದಿಲ್ಲ."

ಮಡಿವಾಳಯ್ಯ ಆಗ ಕೂತ.